ಹಸುವಿನ ಉಣ್ಣೆಗೆ ಔಷಧಿ ಹೊಡೆಯುವ ಮುಂಚೆ: ಹಾಲು, ಕೈ, ಕೆರೆ ಮೂರನ್ನೂ ಕಾಪಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಹಸು ಸಾಕಿದ ಮನೆಯಲ್ಲಿ ಉಣ್ಣೆ ಔಷಧಿಯ ಬಾಟಲಿ ಇದ್ದೇ ಇರುತ್ತದೆ. ಕೊಟ್ಟಿಗೆಯ ಗೂಡಿನಲ್ಲೋ, ಕಿಟಕಿಯಲ್ಲೋ, ಎಷ್ಟೋ ಕಡೆ ಹಾಲಿನ ಕ್ಯಾನಿನ ಪಕ್ಕದಲ್ಲೇ. ಒಂದು ಮುಚ್ಚಳ ಔಷಧಿ, ಅರ್ಧ ಬಕೆಟ್ ನೀರು, ಒಂದು ಹಳೇ ಬಟ್ಟೆ, ಬರಿಗೈ. ಉಜ್ಜಿದರೆ ಕೆಲಸ ಮುಗಿಯಿತು. ಹೆಚ್ಚಿನ ಮನೆಗಳಲ್ಲಿ ಈ ಕೆಲಸ ಹೆಂಗಸರ ಪಾಲಿಗೆ ಬರುತ್ತದೆ, ಅದೇ ಕೈ ಆಮೇಲೆ ಹಾಲು ಕರೆಯುತ್ತದೆ, ರೊಟ್ಟಿ ತಟ್ಟುತ್ತದೆ, ಮಗುವಿಗೆ ಅನ್ನ ಕಲಸುತ್ತದೆ.

ಉಣ್ಣೆ ಔಷಧಿ ಅಂದರೆ ಕೀಟನಾಶಕ. ಬೆಳೆಗೆ ಹೊಡೆಯುವ ವಿಷದ ಕುಟುಂಬಕ್ಕೇ ಸೇರಿದ್ದು. ಪಶು ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಚಿಕ್ಕ ಬಾಟಲಿಯಲ್ಲಿ ಬರುತ್ತದೆ, ಅದಕ್ಕೇ ನಮಗೆ ಭಯ ಕಡಿಮೆ. ಔಷಧಿಯನ್ನೇ ಬಳಸಬೇಡಿ ಎಂದು ನಾನು ಹೇಳುತ್ತಿಲ್ಲ. ಉಣ್ಣೆ ಜ್ವರಕ್ಕೆ ಒಳ್ಳೇ ಹಸು ಕಳೆದುಕೊಂಡ ಮನೆಯವರಿಗೆ ಆ ಮಾತು ಹೇಳುವುದಕ್ಕೂ ಆಗುವುದಿಲ್ಲ. ಆದರೆ ಬೇಕಾದಾಗ ಮಾತ್ರ, ಬೇಕಾದಷ್ಟೇ, ಸರಿಯಾದ ರೀತಿಯಲ್ಲಿ ಬಳಸಿದರೆ ಈಗ ಖರ್ಚಾಗುವ ಔಷಧಿಯಲ್ಲಿ ಎಷ್ಟೋ ಪಾಲು ಬೇಕಾಗುವುದೇ ಇಲ್ಲ. ಅದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಉಣ್ಣೆ ಎಲ್ಲಿ ಬದುಕುತ್ತದೆ ಅಂತ ತಿಳಿದುಕೊಳ್ಳಿ

ನಮ್ಮ ಮಿಶ್ರತಳಿ ಹಸುಗಳನ್ನು ಜಾಸ್ತಿ ಕಾಡುವುದು ಎರಡು ಬಗೆಯ ಉಣ್ಣೆ. ಮೊದಲನೆಯದು ರೈಪಿಸೆಫಾಲಸ್ ಮೈಕ್ರೊಪ್ಲಸ್. ಇದು ಮರಿಯಾಗಿ ಹಸುವಿನ ಮೈ ಹತ್ತಿದರೆ ಅಲ್ಲೇ ಪೊರೆ ಬಿಟ್ಟು, ಅಲ್ಲೇ ಬೆಳೆದು, ಸುಮಾರು 3 ವಾರದಲ್ಲಿ ರಕ್ತ ಕುಡಿದು ಹರಳುಬೀಜದ ಹಾಗೆ ಊದಿಕೊಂಡು ನೆಲಕ್ಕೆ ಬೀಳುತ್ತದೆ. ಹೀಗೆ ಬಿದ್ದ ಒಂದೇ ಹೆಣ್ಣು ಉಣ್ಣೆ 2000ದಿಂದ 3000 ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದ ಮರಿಗಳು ಹುಲ್ಲಿನ ತುದಿ ಹತ್ತಿ, ತಂಪು ಮತ್ತು ತೇವ ಇದ್ದರೆ ತಿಂಗಳುಗಟ್ಟಲೆ ಏನೂ ತಿನ್ನದೆ ಕಾಯುತ್ತವೆ.

ಎರಡನೆಯದು ಹಯಲೋಮ. ಕಾಲುಗಳ ಮೇಲೆ ಬಿಳಿ ಪಟ್ಟೆ ಇರುತ್ತದೆ, ಚುರುಕಾಗಿ ಓಡಾಡುತ್ತದೆ. ಕೊಟ್ಟಿಗೆಯ ಗೋಡೆ ಬಿರುಕು, ಗೋದಲಿಯ ಕಲ್ಲಿನ ಸಂದು, ಗೂಟದ ಬುಡ, ಹಳೇ ಮರದ ತೊಲೆ ಇದಕ್ಕೆ ಮನೆ. ಮಿಶ್ರತಳಿ ಹಸುಗಳನ್ನು ಹಣ್ಣು ಮಾಡುವ ಥೈಲೇರಿಯಾ ರೋಗವನ್ನು ಹರಡುವುದು ಇದೇ.

ಹಸುವಿನ ಮೈಮೇಲೆ ನೀವು ನೋಡುವ ಉಣ್ಣೆ ಒಟ್ಟು ಸಂಸಾರದ ಒಂದು ಸಣ್ಣ ಪಾಲು ಮಾತ್ರ. ಮೊಟ್ಟೆ, ಮರಿ ಎಲ್ಲಾ ಸೇರಿದ ದೊಡ್ಡ ಪಾಲು ನೆಲದಲ್ಲಿ, ಹುಲ್ಲಿನಲ್ಲಿ, ಗೋಡೆಯಲ್ಲಿ ಇರುತ್ತದೆ. ಹಸುವಿಗೆ ಎಷ್ಟೇ ಔಷಧಿ ಹೊಡೆದರೂ ಹದಿನೈದು ಇಪ್ಪತ್ತು ದಿನಕ್ಕೆ ಮತ್ತೆ ಅಷ್ಟೇ ಉಣ್ಣೆ ಬರುವುದು ಇದಕ್ಕೇ. ಆಗ ನಾವು ಮಾಡುವುದೇನು? ಔಷಧಿ ಸಾಲದು ಅಂದುಕೊಂಡು ಒಂದು ಮುಚ್ಚಳ ಇದ್ದದ್ದನ್ನು ಎರಡು ಮಾಡುತ್ತೇವೆ. ಎಲ್ಲಾ ತೊಂದರೆ ಶುರುವಾಗುವುದು ಆ ಎರಡನೇ ಮುಚ್ಚಳದಿಂದ.

ಹೆಜ್ಜೆ 2: ಔಷಧಿ ಬೇಕಾ ಅಂತ ಕೈಯಲ್ಲಿ ಸವರಿ ನೋಡಿ

ವಾರಕ್ಕೊಮ್ಮೆ ಹಸುವಿನ ಕಿವಿಯ ಒಳಗೆ, ಗಂಗೆದೊಗಲು, ತೊಡೆಸಂದು, ಕೆಚ್ಚಲಿನ ಹಿಂಭಾಗ, ಬಾಲದ ಬುಡ ಇಷ್ಟನ್ನು ಕೈಯಾಡಿಸಿ ನೋಡಿ. ಅಲ್ಲೊಂದು ಇಲ್ಲೊಂದು ಉಣ್ಣೆ ಇದ್ದರೆ ಕೈಯಿಂದಲೇ ತೆಗೆಯಿರಿ. ಚಿಮಟ ಇದ್ದರೆ ಒಳ್ಳೇದು. ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ತಿರುಚಬೇಡಿ. ತೆಗೆದದ್ದನ್ನು ಸೋಪಿನ ನೀರಿಗೋ ಸೀಮೆಎಣ್ಣೆಗೋ ಹಾಕಿ. ನೆಲಕ್ಕೆ ಎಸೆದರೆ ಅದೇ 3000 ಮೊಟ್ಟೆ.

ಬರಿಗೈಯಲ್ಲಿ ಉಣ್ಣೆ ಹಿಸುಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಉಣ್ಣೆಯೊಳಗಿನ ರಕ್ತದಿಂದ ಮನುಷ್ಯರಿಗೂ ರೋಗ ಬರಬಹುದು. 2011ರಲ್ಲಿ ಗುಜರಾತಿನಲ್ಲಿ ಕಾಣಿಸಿಕೊಂಡ ಕ್ರಿಮಿಯನ್ ಕಾಂಗೋ ಜ್ವರ ಹಯಲೋಮ ಉಣ್ಣೆಯಿಂದ ಹರಡುವಂಥದ್ದು. ಕೈಗೆ ಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಆದರೂ ಸುತ್ತಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಹಸುವಿಗೆ ಜೋರು ಜ್ವರ, ಮೇವು ಬಿಟ್ಟಿದೆ, ಭುಜದ ಮುಂದಿನ ಗಂಟು ಊದಿದೆ, ಅಥವಾ ಮೂತ್ರ ಕೆಂಪು ಇಲ್ಲವೇ ಕಾಫಿ ಬಣ್ಣಕ್ಕೆ ಬರುತ್ತಿದೆ ಅಂದರೆ ಅದು ಉಣ್ಣೆಯಿಂದ ಹರಡುವ ಥೈಲೇರಿಯಾ ಅಥವಾ ಬಬೇಸಿಯಾ ರೋಗ ಇರಬಹುದು. ಆಗ ಉಣ್ಣೆ ಔಷಧಿ ಹೊಡೆಯುತ್ತಾ ಕೂರಬೇಡಿ. ರೋಗ ಆಗಲೇ ರಕ್ತಕ್ಕೆ ಇಳಿದಿದೆ. ತಕ್ಷಣ ಪಶು ವೈದ್ಯರನ್ನು ಕರೆಸಿ, ರಕ್ತ ಪರೀಕ್ಷೆ ಮಾಡಿಸಿ. ನಿತ್ರಾಣವಾದ ಹಸುವಿನ ಮೈಗೆ ವಿಷ ಸುರಿದರೆ ಅದರ ಮೇಲೆ ಇನ್ನೊಂದು ಹೊರೆ ಹಾಕಿದಂತೆ. ಥೈಲೇರಿಯಾಕ್ಕೆ ಲಸಿಕೆ ಇದೆ, ಮಿಶ್ರತಳಿ ಕರುಗಳಿದ್ದರೆ ಅದರ ಬಗ್ಗೆ ಡಾಕ್ಟರನ್ನು ಮುಂಚೆಯೇ ಕೇಳಿಡಿ.

ಹೆಜ್ಜೆ 3: ಬಾಟಲಿಯೊಳಗೆ ಏನಿದೆ ಅಂತ ಓದಿ

ಅಂಗಡಿಯಲ್ಲಿ "ಉಣ್ಣೆ ಔಷಧಿ ಕೊಡಿ" ಅಂದರೆ ಯಾವುದೋ ಒಂದು ಬಾಟಲಿ ಕೊಡುತ್ತಾರೆ. ಅದರ ಮೇಲಿನ ದೊಡ್ಡ ಹೆಸರು ಕಂಪನಿಯದು. ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ರಾಸಾಯನಿಕದ ಹೆಸರೇ ನಿಮಗೆ ಬೇಕಾದದ್ದು. ಎಷ್ಟೋ ಸಲ ಇಂಗ್ಲಿಷಿನಲ್ಲಿ ಇರುತ್ತದೆ, ಮನೆಯ ಮಕ್ಕಳ ಕೈಲಿ ಓದಿಸಿ, ಬೇಕಾದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಫ್ಲುಮೆಥ್ರಿನ್. ಇವು ಪೈರೆಥ್ರಾಯ್ಡ್ ಗುಂಪು. ದನಗಳಿಗೆ, ಮನುಷ್ಯರಿಗೆ ಉಳಿದವುಗಳಿಗಿಂತ ಸ್ವಲ್ಪ ಕಡಿಮೆ ಅಪಾಯ. ಆದರೂ ಚರ್ಮಕ್ಕೆ ತಾಗಿದರೆ ಉರಿ, ಜುಮ್ಮು ಹಿಡಿಯುತ್ತದೆ. ಮುಖಕ್ಕೆ ಹಾರಿದರೆ ಕೆಲವು ಗಂಟೆ ಮುಖವೆಲ್ಲಾ ಚುರುಗುಟ್ಟುತ್ತದೆ. ಗಾಳಿಯಲ್ಲಿ ಸೇರಿ ಉಸಿರಿಗೆ ಹೋದರೆ ಕೆಮ್ಮು, ತಲೆನೋವು. ಮೀನು, ಸೀಗಡಿ, ಜೇನುಹುಳುಗಳ ಮಟ್ಟಿಗಂತೂ ಇದು ಘೋರ ವಿಷ, ತೀರಾ ಸ್ವಲ್ಪ ನೀರಿಗೆ ಸೇರಿದರೂ ಸಾಕು. ಬೆಕ್ಕುಗಳಿಗೂ ಆಗುವುದಿಲ್ಲ.

ಅಮಿಟ್ರಾಜ್. ಇದರ ವಿಷ ಏರಿದರೆ ಮಂಪರು ಬರುತ್ತದೆ, ನಾಡಿ ನಿಧಾನ ಆಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಸಕ್ಕರೆ ಕಾಯಿಲೆ ಇರುವವರು ಈ ಔಷಧಿಯ ಹತ್ತಿರ ಹೋಗದಿರುವುದೇ ಒಳ್ಳೇದು. ಇದನ್ನು ಕರಗಿಸಿರುವ ದ್ರಾವಣಕ್ಕೆ ಬೆಂಕಿ ಬೇಗ ಹತ್ತುತ್ತದೆ, ಆದ್ದರಿಂದ ಬೀಡಿ ಸೇದುತ್ತಾ ಕಲಸುವುದು ಬೇಡವೇ ಬೇಡ. ಕುದುರೆಗೆ ಅಮಿಟ್ರಾಜ್ ಹಾಕಲೇಬಾರದು, ಕರುಳು ನಿಂತು ಹೋಗುತ್ತದೆ.

ಐವರ್‌ಮೆಕ್ಟಿನ್. ಇದು ಚುಚ್ಚುಮದ್ದು. ಸಿಂಪಡಿಸುವ ರಗಳೆ ಇಲ್ಲ ಅಂತ ಜನರಿಗೆ ತುಂಬಾ ಇಷ್ಟ. ಆದರೆ ಹಾಲಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಇದನ್ನೇ. ಮುಂದೆ ವಿವರವಾಗಿ ಹೇಳುತ್ತೇನೆ.

ಆರ್ಗನೋಫಾಸ್ಫೇಟ್‌ಗಳು. ಮೆಲಾಥಿಯಾನ್, ಡೈಕ್ಲೋರ್‌ವಾಸ್, ಕ್ಲೋರ್‌ಪೈರಿಫಾಸ್ ಈ ಗುಂಪಿನವು. ನರಗಳ ಕೆಲಸವನ್ನೇ ಕೆಡಿಸುತ್ತವೆ. ಜೊಲ್ಲು, ಬೆವರು, ಕಣ್ಣಿನ ಪಾಪೆ ಸಣ್ಣಗಾಗುವುದು, ವಾಂತಿ, ಭೇದಿ, ಉಸಿರು ಕಟ್ಟುವುದು. ಇವು ಚರ್ಮದ ಮೂಲಕವೇ ಒಳಗೆ ಇಳಿಯುತ್ತವೆ, ಕುಡಿಯಲೇಬೇಕು ಅಂತಿಲ್ಲ. ಹಳ್ಳಿಗಳಲ್ಲಿ ನುವಾನ್ ಅಂತ ಗೊತ್ತಿರುವ ಡೈಕ್ಲೋರ್‌ವಾಸ್ ಅನ್ನು ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಅಟ್ಟದ ಮೇಲೆ ಹಳೇ ಬಾಟಲಿ ಉಳಿದಿದ್ದರೆ ದನಕ್ಕೆ ಬಳಸಬೇಡಿ.

ನಮ್ಮ ಹಿರಿಯರು ದನಗಳ ಮೈಗೆ ಗ್ಯಾಮಕ್ಸಿನ್ ಪುಡಿ ಉಜ್ಜುತ್ತಿದ್ದರು, ನೆನಪಿದೆ ಅಲ್ವಾ? ಅದೇ ಬಿಎಚ್‌ಸಿ. ಅದು ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಕರಗದೆ ಉಳಿಯುತ್ತಿತ್ತು, ಹಾಲು ಬೆಣ್ಣೆಯಲ್ಲೆಲ್ಲಾ ಸಿಗುತ್ತಿತ್ತು. 1997ರಲ್ಲಿ ಅದನ್ನು ನಿಷೇಧಿಸಿದರು. "ನಾವು ಹಿಂದಿನಿಂದ ಬಳಸಿದ್ದೇವೆ, ಏನೂ ಆಗಿಲ್ಲ" ಎನ್ನುವವರಿಗೆ ಈ ಉದಾಹರಣೆ ಹೇಳಿ. ಅಂಥ ವಿಷ ಮೈಯಲ್ಲಿ ಸದ್ದಿಲ್ಲದೆ ಕೂರುತ್ತದೆ, ಆಗಿದ್ದು ಏನು ಅಂತ ಕಣ್ಣಿಗೆ ಕಾಣುವುದಿಲ್ಲ.

ಬೆಳೆಗೆ ಹೊಡೆಯುವ ಔಷಧಿಯನ್ನು ದನಕ್ಕೆ ಹೊಡೆಯಬೇಡಿ. ಹೆಸರು ಒಂದೇ ಇದ್ದರೂ ಬೇಡ. ದನಕ್ಕೆಂದು ಬರುವ ಸೈಪರ್‌ಮೆಥ್ರಿನ್ ಸಾಮಾನ್ಯವಾಗಿ ಶೇ. 10ರದ್ದು, ಬೆಳೆಗೆ ಬರುವುದರಲ್ಲಿ ಶೇ. 25ರದ್ದೂ ಇದೆ. ಅದೇ ಮುಚ್ಚಳದ ಲೆಕ್ಕದಲ್ಲಿ ಹಾಕಿದರೆ ಎರಡೂವರೆ ಪಟ್ಟು ವಿಷ. ಜೊತೆಗೆ ಬೆಳೆ ಔಷಧಿ ಕರಗಿಸಲು ಬಳಸುವ ಎಣ್ಣೆಯಂಥ ದ್ರಾವಣ ಹಸುವಿನ ಚರ್ಮಕ್ಕೆಂದು ಮಾಡಿದ್ದಲ್ಲ.

ಹೆಜ್ಜೆ 4: ಯಾವ ಹಸುವಿಗೆ ಯಾವುದು ಅಂತ ಡಾಕ್ಟರ ಜೊತೆ ತೀರ್ಮಾನಿಸಿ

ಹಾಲು ಕೊಡುತ್ತಿರುವ ಹಸುವಿಗೆ ಸುಮ್ನೆ ಐವರ್‌ಮೆಕ್ಟಿನ್ ಚುಚ್ಚಿಸಬೇಡಿ. ಇದು ಕೊಬ್ಬಿನಲ್ಲಿ ಕರಗುವ ವಸ್ತು. ಮೈಯ ಕೊಬ್ಬಿನಲ್ಲಿ ಕೂತು ದಿನಗಟ್ಟಲೆ ಹಾಲಿಗೆ ಇಳಿಯುತ್ತಲೇ ಇರುತ್ತದೆ. ಹಾಲು ಕಾಯಿಸಿದರೆ ಹೋಗುವುದಿಲ್ಲ. ಕೆನೆ, ಬೆಣ್ಣೆ, ತುಪ್ಪ ಮಾಡಿದರೆ ಕೊಬ್ಬಿನ ಜೊತೆಗೇ ಸಾಗುತ್ತದೆ. ಜನ ಕುಡಿಯುವ ಹಾಲು ಕೊಡುವ ಹಸುವಿಗೆ ಬಳಸಬಾರದು, ಕರು ಹಾಕುವ ದಿನ ಹತ್ತಿರ ಬಂದ ಗಬ್ಬದ ಹಸುವಿಗೂ ಬಳಸಬಾರದು ಅಂತ ಅನೇಕ ಲೇಬಲ್‌ಗಳಲ್ಲೇ ಬರೆದಿರುತ್ತದೆ. ಕರುವಿಗೋ, ಹಾಲು ಬತ್ತಿಸಿದ ಹಸುವಿಗೋ ಬೇಕಾದರೆ ಡಾಕ್ಟರು ಹೇಳಿದ ತೂಕದ ಲೆಕ್ಕದಲ್ಲಿ ಕೊಡಿಸಿ. ಹಾಲಿನ ಹಸುವಿಗೆ ಕೊಡಲೇಬೇಕಾದ ಸ್ಥಿತಿ ಬಂದರೆ ಎಷ್ಟು ದಿನ ಹಾಲು ಬಿಡಬೇಕು ಅಂತ ಡಾಕ್ಟರ ಕೈಲಿ ಚೀಟಿಯಲ್ಲೇ ಬರೆಸಿಕೊಳ್ಳಿ.

ಇಲ್ಲಿ ಒಂದು ಕಷ್ಟದ ಮಾತಿದೆ. ಔಷಧಿ ಕೊಟ್ಟ ಹಸುವಿನ ಹಾಲನ್ನು ದಿನಗಟ್ಟಲೆ ಚೆಲ್ಲುವುದು ಎರಡು ಹಸು ಸಾಕಿದವರಿಗೆ ಸುಲಭ ಅಲ್ಲ, ಡೇರಿಯ ಬಟವಾಡೆ ನಂಬಿಕೊಂಡೇ ಮನೆ ನಡೆಯುತ್ತಿರುತ್ತದೆ. ಅದಕ್ಕೇ ಔಷಧಿ ಆರಿಸುವಾಗಲೇ "ಹಾಲು ಎಷ್ಟು ದಿನ ಬಿಡಬೇಕು?" ಎಂಬ ಪ್ರಶ್ನೆಯನ್ನು ಮೊದಲು ಕೇಳಿ. ಹಾಲಿಗೆ ಕಡಿಮೆ ಇಳಿಯುವ ಔಷಧಿಗಳಿವೆ. ಬೆನ್ನ ಮೇಲೆ ಸುರಿಯುವ ಫ್ಲುಮೆಥ್ರಿನ್ ಅಂಥದ್ದು, ಅದರಲ್ಲಿ ಸಿಂಪಡಣೆಯ ಹನಿ ಗಾಳಿಗೆ ಹಾರುವ ಕಾಟವೂ ಇಲ್ಲ. ಬೆಲೆ ಸ್ವಲ್ಪ ಜಾಸ್ತಿ. ನನ್ನ ಅಭಿಪ್ರಾಯದಲ್ಲಿ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇದ್ದರೆ ಆ ಬೆಲೆ ಕೊಡುವುದೇ ಒಳ್ಳೇದು.

ಮೂರು ತಿಂಗಳ ಒಳಗಿನ ಕರು, ಗಾಯ ಇರುವ ದನ, ಜ್ವರದ ದನ ಇವಕ್ಕೆ ಡಾಕ್ಟರನ್ನು ಕೇಳದೆ ಏನೂ ಹಾಕಬೇಡಿ.

ಹೆಜ್ಜೆ 5: ಮುಚ್ಚಳ ಬಿಡಿ, ಸಿರಿಂಜ್ ಹಿಡಿಯಿರಿ

ಒಂದೊಂದು ಬಾಟಲಿಯ ಮುಚ್ಚಳ ಒಂದೊಂದು ಅಳತೆ. ಸೂಜಿ ತೆಗೆದ 5 ಎಂ.ಎಲ್. ಸಿರಿಂಜ್ ಒಂದನ್ನು ಈ ಕೆಲಸಕ್ಕೇ ಅಂತ ಇಟ್ಟುಕೊಳ್ಳಿ, ಮೇಲೆ ಕೆಂಪು ಗುರುತು ಹಾಕಿ.

ಸಾಮಾನ್ಯವಾಗಿ ಶೇ. 12.5ರ ಅಮಿಟ್ರಾಜ್ ಆದರೆ ಲೀಟರ್ ನೀರಿಗೆ 2 ಎಂ.ಎಲ್. ಶೇ. 1.25ರ ಡೆಲ್ಟಾಮೆಥ್ರಿನ್ ಆದರೂ ಲೀಟರಿಗೆ 2 ಎಂ.ಎಲ್. ಶೇ. 10ರ ಸೈಪರ್‌ಮೆಥ್ರಿನ್ ಆದರೆ 1 ಎಂ.ಎಲ್. ಆದರೆ ನಿಮ್ಮ ಬಾಟಲಿಯಲ್ಲಿ ಬೇರೆ ಬರೆದಿದ್ದರೆ ಅದೇ ಸರಿ, ನನ್ನ ಲೆಕ್ಕ ಬದಿಗಿಡಿ. ದೊಡ್ಡ ಹಸುವಿನ ಮೈ ಪೂರ್ತಿ ನೆನೆಯಲು ಮೂರ್ನಾಲ್ಕು ಲೀಟರ್ ಬೇಕು. ನಾಲ್ಕು ಲೀಟರಿಗೆ 2 ಎಂ.ಎಲ್. ಲೆಕ್ಕದಲ್ಲಿ 8 ಎಂ.ಎಲ್. ಸಾಕು.

ಜಾಸ್ತಿ ಹಾಕಿದರೆ ವಿಷ ಏರುತ್ತದೆ. ಕಡಿಮೆ ಹಾಕಿದರೆ? ಅದೂ ಕೆಟ್ಟದ್ದೇ. ಗಟ್ಟಿ ಉಣ್ಣೆಗಳು ಬದುಕಿಕೊಂಡು, ಅವುಗಳ ಮರಿಗಳಿಗೂ ಆ ಗಟ್ಟಿತನ ಬರುತ್ತದೆ. ಒಂದು ಲೀಟರ್ ನೀರಿನಲ್ಲಿ ಬಟ್ಟೆ ಅದ್ದಿ ಬೆನ್ನಿಗಷ್ಟೇ ಉಜ್ಜಿ ಬಿಡುವುದರಲ್ಲಿ ಇದೇ ಆಗುತ್ತದೆ, ಉಣ್ಣೆ ಇರುವ ಕಿವಿ, ತೊಡೆಸಂದಿಗೆ ಔಷಧಿ ತಲುಪಿರುವುದೇ ಇಲ್ಲ.

ಎರಡು ಬಗೆಯ ಔಷಧಿ ಒಟ್ಟಿಗೆ ಬೆರೆಸಬೇಡಿ. ಕಲಸಿದ್ದನ್ನು ಅವತ್ತೇ ಮುಗಿಸಿ, ಅಮಿಟ್ರಾಜ್ ಅಂತೂ ನೀರಿಗೆ ಬೆರೆತ ಮೇಲೆ ಇಟ್ಟರೆ ಬಲ ಕಳೆದುಕೊಳ್ಳುತ್ತದೆ. ಕಳೆನಾಶಕ ಹೊಡೆದ ಪಂಪನ್ನು ದನಕ್ಕೆ ಬಳಸಬೇಡಿ, ಎಷ್ಟು ತೊಳೆದರೂ ಬೇಡ.

ಹೆಜ್ಜೆ 6: ನಿಮ್ಮ ಮೈ ಮೊದಲು

ರಬ್ಬರ್ ಗವಸು, ತುಂಬು ತೋಳಿನ ಅಂಗಿ, ಬೂಟು, ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಮಾಸ್ಕ್. ಬಟ್ಟೆ ಕಟ್ಟಿಕೊಂಡರೆ ಹನಿ ಪೂರ್ತಿ ನಿಲ್ಲುವುದಿಲ್ಲ, ಒದ್ದೆಯಾದ ಬಟ್ಟೆ ಮುಖಕ್ಕೆ ಅಂಟಿ ಇನ್ನೂ ಕೆಡುಕು. ಸೀರೆ ಉಟ್ಟವರು ಮೇಲೊಂದು ಹಳೇ ತುಂಬು ತೋಳಿನ ಶರ್ಟು ಹಾಕಿ, ಮುಂದೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳಿ. ಬಾಣಂತಿಯರು, ಬಸುರಿಯರು, ಮಕ್ಕಳು ಈ ಕೆಲಸಕ್ಕೆ ಬೇಡ. ಕೈಯಲ್ಲಿ ಗಾಯ ಇದ್ದವರೂ ಬೇಡ.

ಎಲೆ ಅಡಿಕೆ ಹಾಕಿಕೊಳ್ಳುವುದು, ಟೀ ಕುಡಿಯುವುದು, ಫೋನ್ ಮುಟ್ಟುವುದು ಎಲ್ಲಾ ಕೆಲಸ ಮುಗಿದು ಕೈ ಸೋಪಿನಲ್ಲಿ ತೊಳೆದ ಮೇಲೆ. ಆ ಬಟ್ಟೆಯನ್ನು ಮನೆಮಂದಿಯ ಬಟ್ಟೆ ಜೊತೆ ಒಗೆಯಬೇಡಿ.

ಹೆಜ್ಜೆ 7: ಹೊಡೆಯುವ ದಿನ

ಬೆಳಗಿನ ಹಾಲು ಕರೆದಾದ ಮೇಲೆ, ಬಿಸಿಲು ಏರುವ ಮುಂಚೆ, ಗಾಳಿ ಇಲ್ಲದಾಗ ಹೊಡೆಯಿರಿ. ಮಳೆ ಬರುವ ಹಾಗಿದ್ದರೆ ಮುಂದಕ್ಕೆ ಹಾಕಿ, ಇಲ್ಲದಿದ್ದರೆ ಔಷಧಿ ಎಲ್ಲಾ ಚರಂಡಿಗೆ. ಹಾಲಿನ ಕ್ಯಾನು, ಹಿಂಡಿ ಚೀಲ, ಹುಲ್ಲು, ಕುಡಿಯುವ ನೀರಿನ ತೊಟ್ಟಿ ಎಲ್ಲವನ್ನೂ ತೆಗೆದಿಡಿ ಅಥವಾ ಮುಚ್ಚಿ. ದನಗಳಿಗೆ ಮೊದಲೇ ಹೊಟ್ಟೆ ತುಂಬ ನೀರು ಕುಡಿಸಿ. ಬಾಯಾರಿದ ದನ ಮೈಮೇಲಿನ ಔಷಧಿ ನೀರು ನೆಕ್ಕುತ್ತದೆ.

ಕೊಟ್ಟಿಗೆಯ ಒಳಗೆ ಬೇಡ, ಬಯಲಿನಲ್ಲಿ ಕಟ್ಟಿ. ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಲ್ಲಿ. ಕೂದಲಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ ಹೊಡೆದರೆ ಚರ್ಮದ ತನಕ ನೆನೆಯುತ್ತದೆ. ಮುಖಕ್ಕೆ ಹೊಡೆಯಬೇಡಿ. ಕಿವಿಯ ಒಳಗೆ ಮತ್ತು ಕಣ್ಣಿನ ಸುತ್ತ ಅದ್ದಿ ಹಿಂಡಿದ ಬಟ್ಟೆಯಿಂದ ಹುಷಾರಾಗಿ ಒರೆಸಿ. ಮೈ ಒಣಗುವವರೆಗೆ ನೆರಳಲ್ಲಿ ಕಟ್ಟಿ, ಒಂದನ್ನೊಂದು ನೆಕ್ಕದಷ್ಟು ದೂರದಲ್ಲಿ. ಕರುವನ್ನು ತಾಯಿಯ ಹತ್ತಿರ ಬಿಡಬೇಡಿ.

ಕೋಳಿಗಳನ್ನು ಅವತ್ತು ಕೂಡಿಹಾಕಿ. ಬೇರೆ ದಿನ ಕೋಳಿ, ಬೆಳ್ಳಕ್ಕಿ, ಗೊರವಂಕ ಉಣ್ಣೆ ಹೆಕ್ಕಿ ತಿಂದರೆ ನಮಗೇ ಲಾಭ. ಔಷಧಿ ಕುಡಿದು ಬಿದ್ದ ಉಣ್ಣೆಯನ್ನು ತಿಂದರೆ ಆ ವಿಷ ಅವುಗಳ ಹೊಟ್ಟೆಗೆ.

ಮುಂದಿನ ಸಲ ಹಾಲು ಕರೆಯುವ ಮುಂಚೆ ಕೆಚ್ಚಲು, ಮೊಲೆತೊಟ್ಟು ಎರಡನ್ನೂ ಸಾಕಷ್ಟು ನೀರಿನಲ್ಲಿ ತೊಳೆದು ಒಣ ಬಟ್ಟೆಯಿಂದ ಒರೆಸಿ. ಹೊಟ್ಟೆಯಿಂದ ಇಳಿದ ಹನಿ ಕೆಚ್ಚಲಿನ ಮೇಲೇ ಒಣಗಿರುತ್ತದೆ, ಹಾಲಿಗೆ ಔಷಧಿ ಸೇರುವ ಹತ್ತಿರದ ದಾರಿ ಇದು. ಹಾಲು ಬಿಡಬೇಕಾದಷ್ಟು ದಿನ ಬಿಡಿ. ಆ ಹಾಲನ್ನು ಕರುವಿಗೋ ನಾಯಿಗೋ ಹಾಕುವುದೂ ಬೇಡ. ಯಾವ ಹಸುವಿಗೆ, ಯಾವ ದಿನ, ಯಾವ ಔಷಧಿ, ಹಾಲು ಯಾವತ್ತಿನಿಂದ ಡೇರಿಗೆ ಅಂತ ಕ್ಯಾಲೆಂಡರಿನ ಮೇಲೆ ಬರೆಯಿರಿ. ಮನೆಯಲ್ಲಿ ಒಬ್ಬರು ಔಷಧಿ ಹೊಡೆದು ಇನ್ನೊಬ್ಬರು ಹಾಲು ಕರೆಯುವ ಕಡೆ ಇದು ತುಂಬಾ ಮುಖ್ಯ.

ಹೆಜ್ಜೆ 8: ಉಳಿದ ನೀರು, ಖಾಲಿ ಬಾಟಲಿ, ಸೆಗಣಿ

ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ಊರಿಗೆಲ್ಲಾ ತಟ್ಟುವ ಹಾನಿ ಇಲ್ಲೇ. ಔಷಧಿ ಹೊಡೆದ ದನವನ್ನು ಹೊಳೆಗೆ ಇಳಿಸಿ ತೊಳೆಯುವುದು, ಪಂಪನ್ನು ಕೆರೆಯಲ್ಲಿ ಅದ್ದಿ ತೊಳೆಯುವುದು, ಉಳಿದ ನೀರನ್ನು ಚರಂಡಿಗೆ ಚೆಲ್ಲುವುದು. ಮೂರೂ ಕೊನೆಗೆ ಸೇರುವುದು ನೀರಿಗೇ. ಪೈರೆಥ್ರಾಯ್ಡ್ ಬಿದ್ದ ನೀರಿನಲ್ಲಿ ಮೀನಿಗಿಂತ ಮೊದಲು ಸಾಯುವುದು ಮೀನಿಗೆ ಆಹಾರವಾಗುವ ಸಣ್ಣ ಹುಳುಗಳು. ಕೆರೆ ಮೇಲಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಮೀನಿಗೆ ತಿನ್ನಲು ಇರುವುದಿಲ್ಲ.

ಆದ್ದರಿಂದ ಎಷ್ಟು ಬೇಕೋ ಅಷ್ಟೇ ಕಲಸಿ. ಉಳಿದರೆ ಅದನ್ನು ಕೊಟ್ಟಿಗೆಯ ಗೋಡೆ ಬಿರುಕಿಗೆ, ಗೂಟದ ಬುಡಕ್ಕೆ ಹೊಡೆದು ಖಾಲಿ ಮಾಡಿ. ಗೋದಲಿಗೆ ಬೇಡ. ಖಾಲಿ ಬಾಟಲಿಯನ್ನು ಮೂರು ಸಲ ನೀರು ಹಾಕಿ ಅಲುಗಿಸಿ, ಆ ನೀರನ್ನೂ ಪಂಪಿಗೇ ಸುರಿಯಿರಿ. ಆಮೇಲೆ ಬಾಟಲಿಗೆ ತೂತು ಮಾಡಿ, ಯಾರೂ ಎಣ್ಣೆ ತುಂಬಿಡಲು ಬಳಸದ ಹಾಗೆ. ಒಲೆಗೆ ಹಾಕಿ ಸುಡಬೇಡಿ.

ಜೇನುಪೆಟ್ಟಿಗೆ ಇಟ್ಟವರು ಅದರ ಹತ್ತಿರ ಹೊಡೆಯಬೇಡಿ.

ಐವರ್‌ಮೆಕ್ಟಿನ್ ಕೊಟ್ಟ ದನದ ಸೆಗಣಿಯಲ್ಲಿ ಆ ಔಷಧಿ ವಾರಗಟ್ಟಲೆ ಬರುತ್ತಿರುತ್ತದೆ. ಸೆಗಣಿಹುಳುಗಳ ಮರಿಗಳು ಅದನ್ನು ತಿಂದು ಸಾಯುತ್ತವೆ. ಸೆಗಣಿಯನ್ನು ಮಣ್ಣಿಗೆ ಇಳಿಸಿ ಗೊಬ್ಬರ ಮಾಡುವ, ನೊಣದ ಕಾಟ ಇಳಿಸುವ ಹುಳು ಅದು. ಅವು ಹೋದರೆ ಸೆಗಣಿ ಹಾಗೇ ಒಣಗಿ ಬೀಳುತ್ತದೆ, ನೊಣ ಜಾಸ್ತಿ ಆಗುತ್ತದೆ, ಆಮೇಲೆ ನೊಣಕ್ಕೂ ಔಷಧಿ ಹುಡುಕುತ್ತೇವೆ.

ಬಾಟಲಿಗೆ ಬೀಗ ಇರುವ ಪೆಟ್ಟಿಗೆ ಬೇಕೇ ಬೇಕು. ತಂಪು ಪಾನೀಯದ ಬಾಟಲಿಗೋ ಸಾರಾಯಿ ಬಾಟಲಿಗೋ ಬಗ್ಗಿಸಿ ಇಡುವುದು ಎಷ್ಟೋ ಮಕ್ಕಳ ಜೀವಕ್ಕೆ ಕುತ್ತು ತಂದಿದೆ. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಕೈಗೆ ಸುಲಭವಾಗಿ ಸಿಗುವ ವಿಷ ದೊಡ್ಡವರಿಗೂ ಅಪಾಯ. ಬೀಗದ ಕೈ ಬೇರೆ ಕಡೆ ಇಡಿ.

ವಿಷ ತಗುಲಿದರೆ ಏನು ಮಾಡಬೇಕು

ಮೈಮೇಲೆ ಚೆಲ್ಲಿದರೆ ಬಟ್ಟೆ ಬಿಚ್ಚಿ, ಸೋಪು ಹಾಕಿ ತಣ್ಣೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ 15ರಿಂದ 20 ನಿಮಿಷ ನೀರು ಹರಿಸಿ. ಯಾರಾದರೂ ಕುಡಿದಿದ್ದರೆ ಉಪ್ಪುನೀರು, ಹುಣಸೆ ನೀರು, ಸೆಗಣಿ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ದ್ರಾವಣ ಶ್ವಾಸಕೋಶಕ್ಕೆ ಹೋದರೆ ಇನ್ನೂ ಕೆಡುಕು. ಎಡ ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ, ಬಾಟಲಿಯನ್ನು ಜೊತೆಗೇ ತೆಗೆದುಕೊಂಡು ಹೋಗಿ.

ಬಾಟಲಿ ಯಾಕೆ ಅಂದರೆ, ಅಮಿಟ್ರಾಜ್ ವಿಷವೂ ಆರ್ಗನೋಫಾಸ್ಫೇಟ್ ವಿಷವೂ ಮೇಲ್ನೋಟಕ್ಕೆ ಒಂದೇ ತರಹ ಕಾಣುತ್ತವೆ. ಎರಡರಲ್ಲೂ ಪಾಪೆ ಸಣ್ಣ, ನಾಡಿ ನಿಧಾನ. ಆದರೆ ಚಿಕಿತ್ಸೆ ಬೇರೆ. ಆರ್ಗನೋಫಾಸ್ಫೇಟ್‌ಗೆ ಅಟ್ರೋಪಿನ್ ಮತ್ತು ಪ್ರಾಲಿಡಾಕ್ಸಿಮ್ ಕೊಡುತ್ತಾರೆ. ಅಮಿಟ್ರಾಜ್‌ಗೆ ಮನುಷ್ಯರಲ್ಲಿ ಅದಕ್ಕೆಂದೇ ಇರುವ ಮದ್ದಿಲ್ಲ, ಉಸಿರು, ನಾಡಿ ನೋಡಿಕೊಂಡು ಸಂಭಾಳಿಸುತ್ತಾರೆ, ಸಮಯಕ್ಕೆ ಕರೆದುಕೊಂಡು ಹೋದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. "ದನದ ಔಷಧಿ ಕುಡಿದಿದ್ದಾರೆ" ಅಂದರೆ ಸಾಲದು, ಯಾವುದು ಅಂತ ಡಾಕ್ಟರಿಗೆ ಗೊತ್ತಾಗಬೇಕು.

ಹಸು ಔಷಧಿ ಹೊಡೆದ ಮೇಲೆ ಜೊಲ್ಲು ಸುರಿಸಿದರೆ, ನಡುಗಿದರೆ, ಮಂಕಾಗಿ ಬಿದ್ದರೆ ತಕ್ಷಣ ಮೈಯನ್ನು ನೀರಿನಲ್ಲಿ ಚೆನ್ನಾಗಿ ತೊಳೆದು ಪಶು ವೈದ್ಯರನ್ನು ಕರೆಯಿರಿ. ಸಂಚಾರಿ ಪಶು ಚಿಕಿತ್ಸೆಗೆ 1962 ಇದೆ.

ಹೆಜ್ಜೆ 9: ಕೊಟ್ಟಿಗೆಯಲ್ಲೇ ಉಣ್ಣೆಯ ಬುಡ ಕೀಳಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು. ಇದನ್ನು ಸರಿಯಾಗಿ ಮಾಡಿದವರಿಗೆ ಬಾಟಲಿ ತೆರೆಯುವ ಅಗತ್ಯ ತಾನಾಗಿಯೇ ಇಳಿಯುತ್ತದೆ.

ಗೋಡೆ, ಗೋದಲಿ, ನೆಲದ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಮೇಲೆ ಸುಣ್ಣ ಬಳಿಯಿರಿ. ಆಳೆತ್ತರದವರೆಗಾದರೂ ಸಾಕು. ಮಣ್ಣಿನ ಗೋಡೆ ಆದರೆ ಮೆತ್ತಿ ಸಾರಿಸಿ. ತುಂಬಿದ ಉಣ್ಣೆ ಹೆಚ್ಚಾಗಿ ಉದುರುವುದು ಬೆಳಗಿನ ಹೊತ್ತು, ಅದಕ್ಕೇ ಬೆಳಗಿನ ಕಸ ಗುಡಿಸುವುದನ್ನು ತಪ್ಪಿಸಬೇಡಿ. ಗುಡಿಸಿದ್ದನ್ನು ಕೊಟ್ಟಿಗೆಯ ಬಾಗಿಲಲ್ಲೇ ರಾಶಿ ಹಾಕದೆ ದೂರದ ತಿಪ್ಪೆಗೆ ಹಾಕಿ ಮುಚ್ಚಿ, ತಿಪ್ಪೆ ಬಿಸಿಯೇರಿದರೆ ಮೊಟ್ಟೆಗಳೂ ಸಾಯುತ್ತವೆ. ಕೊಟ್ಟಿಗೆಯ ಸುತ್ತ ಹುಲ್ಲು, ಪೊದೆ ಸವರಿ, ಬಿಸಿಲು ಬೀಳಲಿ. ಮರಿ ಉಣ್ಣೆ ಬಿಸಿಲಿಗೆ ಒಣಗಿ ಸಾಯುತ್ತದೆ.

ಕೆಲವರು ಗೋಡೆಗೆ ಬೆಂಕಿ ಗನ್ ಹಿಡಿಯುತ್ತಾರೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಸೋಗೆ, ಹುಲ್ಲಿನ ಮಾಡು, ಮೇಲೆ ಅಟ್ಟದಲ್ಲಿ ಮೇವು ಇರುವ ಕಡೆ ದಯವಿಟ್ಟು ಬೇಡ.

ಹೊಸ ದನ ತಂದರೆ ಹದಿನೈದು ದಿನ ಬೇರೆ ಕಟ್ಟಿ, ಉಣ್ಣೆ ತೆಗೆದ ಮೇಲೆ ಒಳಗೆ ಸೇರಿಸಿ. ಹಳ್ಳಿಕಾರ್, ಮಲೆನಾಡು ಗಿಡ್ಡದಂಥ ನಾಟಿ ದನಗಳಿಗೆ ಉಣ್ಣೆ ತಡೆಯುವ ಶಕ್ತಿ ಇರುತ್ತದೆ. ಹಾಗಾಗಿ ನಾಟಿ ದನಕ್ಕೂ ಸೀಮೆಹಸುವಿಗೂ ಒಂದೇ ದಿನ ಒಂದೇ ಪಂಪಿನಲ್ಲಿ ಔಷಧಿ ಹೊಡೆಯಬೇಕು ಅಂತೇನಿಲ್ಲ, ಉಣ್ಣೆ ಇರುವ ದನಕ್ಕೆ ಮಾತ್ರ ಹೊಡೆಯಿರಿ.

ಉಣ್ಣೆ ಇನ್ನೂ ಹತೋಟಿಯಲ್ಲಿದ್ದರೆ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ರೈತರಿಗೆ ಹೇಳಿಕೊಡುವ ಗಿಡಮೂಲಿಕೆ ಮದ್ದು ಮಾಡಿ ನೋಡಿ. ಬೆಳ್ಳುಳ್ಳಿ 10 ಎಸಳು, ಬೇವಿನ ಸೊಪ್ಪು ಒಂದು ಹಿಡಿ, ಬೇವಿನ ಕಾಯಿ ಒಂದು ಹಿಡಿ, ಬಜೆ 10 ಗ್ರಾಂ, ಅರಿಶಿನ ಪುಡಿ 20 ಗ್ರಾಂ, ಲಂಟಾನ ಸೊಪ್ಪು ಒಂದು ಹಿಡಿ, ತುಳಸಿ ಒಂದು ಹಿಡಿ. ಎಲ್ಲವನ್ನೂ ರುಬ್ಬಿ 1 ಲೀಟರ್ ನೀರಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ, ಬಿಸಿಲು ಇರುವ ಹೊತ್ತಿನಲ್ಲಿ ಮೈಗೆಲ್ಲಾ ಸಿಂಪಡಿಸಿ. ಕೊಟ್ಟಿಗೆಯ ಬಿರುಕಿಗೂ ಹೊಡೆಯಿರಿ. ವಾರಕ್ಕೊಮ್ಮೆ ಮಾಡಬೇಕು. ಲಂಟಾನ ದನ ತಿಂದರೆ ವಿಷ, ಆದ್ದರಿಂದ ಹಿಂಡಿದ ಗಸಿಯನ್ನು ದನದ ಬಾಯಿಗೆ ಸಿಗದ ಹಾಗೆ ಹೂತುಹಾಕಿ. ಮೈ ತುಂಬಾ ಉಣ್ಣೆ ಕವಿದಿರುವಾಗ ಇದೊಂದರಿಂದಲೇ ಎಲ್ಲಾ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಒಮ್ಮೆ ಸರಿಯಾಗಿ ಔಷಧಿ ಹೊಡೆದು ಇಳಿಸಿಕೊಂಡು, ಆಮೇಲೆ ಇದರಲ್ಲಿ ಹಿಡಿತಕ್ಕೆ ಇಟ್ಟುಕೊಳ್ಳಬಹುದು.

ಹೆಜ್ಜೆ 10: ಔಷಧಿಗೆ ಉಣ್ಣೆ ಸಾಯುತ್ತಿಲ್ಲ ಅಂದರೆ

ಸರಿಯಾದ ಅಳತೆ, ಮೈ ಪೂರ್ತಿ ನೆನೆಸಿದ್ದೀರಿ, ಮಳೆ ಬಂದಿಲ್ಲ. ಆದರೂ ಎರಡು ಮೂರು ದಿನ ಕಳೆದರೂ ದೊಡ್ಡ ಉಣ್ಣೆಗಳು ಜೀವಂತ ಇವೆಯಾ? ಹಾಗಾದರೆ ನಿಮ್ಮ ಕೊಟ್ಟಿಗೆಯ ಉಣ್ಣೆ ಆ ಗುಂಪಿನ ಔಷಧಿಗೆ ಒಗ್ಗಿಹೋಗಿರಬಹುದು. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗಳಿಗೆ ಹೀಗೆ ಒಗ್ಗಿದ ಉಣ್ಣೆಗಳು ನಮ್ಮ ದೇಶದ ಹಲವು ಕಡೆ ಕಂಡುಬಂದಿವೆ. ಅಳತೆ ಏರಿಸಬೇಡಿ. ಡೆಲ್ಟಾಮೆಥ್ರಿನ್ ಬಿಟ್ಟು ಸೈಪರ್‌ಮೆಥ್ರಿನ್ ತಂದರೂ ಉಪಯೋಗ ಇಲ್ಲ, ಎರಡೂ ಒಂದೇ ಗುಂಪು. ಡಾಕ್ಟರನ್ನು ಕೇಳಿ ಗುಂಪನ್ನೇ ಬದಲಿಸಿ. ತಿಂಗಳಿಗೊಂದು ಗುಂಪು ಅಂತ ಮನಸ್ಸಿಗೆ ಬಂದಂತೆ ಬದಲಿಸುವುದೂ ಬೇಡ, ಎಲ್ಲಕ್ಕೂ ಒಗ್ಗಿಬಿಟ್ಟರೆ ಆಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಮಲೆನಾಡು, ಕರಾವಳಿಯವರು ಇಷ್ಟು ಗಮನಿಸಿ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ, ಅಂದರೆ ಕಾಡಿನ ಉಣ್ಣೆಯಿಂದ, ಹಿಮಾಫೈಸಾಲಿಸ್ ಜಾತಿಯದು. ಕಾಡಿಗೆ ಮೇಯಲು ಹೋದ ದನ ಈ ಉಣುಗನ್ನು ಮನೆಬಾಗಿಲಿಗೆ ಹೊತ್ತು ತರುತ್ತದೆ, ಅವುಗಳ ರಕ್ತ ಕುಡಿದೇ ಉಣುಗಿನ ಸಂತತಿ ಬೆಳೆಯುತ್ತದೆ. ಹಾಗಾಗಿ ಇಲ್ಲಿ ಉಣುಗಿನ ಔಷಧಿ ಮನುಷ್ಯರ ಜೀವಕ್ಕೂ ಸಂಬಂಧಪಟ್ಟದ್ದು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡದ ಕಾಡಂಚಿನವರು ಡಿಸೆಂಬರಿನಿಂದ ಮೇ ತನಕ ಜಾಸ್ತಿ ಎಚ್ಚರ ಇರಬೇಕು. ಈ ತಿಂಗಳುಗಳಲ್ಲಿ ದನವನ್ನು ಕಾಡಿಗೆ ಬಿಡದೆ ಮನೆಯಲ್ಲೇ ಕಟ್ಟಿ ಮೇಯಿಸಿದರೆ ಔಷಧಿಯೂ ಕಡಿಮೆ, ಉಣುಗೂ ಕಡಿಮೆ. ಬಿಡಲೇಬೇಕಾದರೆ ಪಶು ವೈದ್ಯರು ಹೇಳಿದ ಔಷಧಿಯನ್ನು ಅವರು ಹೇಳಿದ ದಿನಕ್ಕೇ ಹಾಕಿ.

ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ತಿಳಿಸಿ. ಕಾಡಿಗೆ ಹೋಗುವ ಮುಂಚೆ ನೀವು ಮೈಗೆ ಹಚ್ಚಿಕೊಳ್ಳಬೇಕಾದದ್ದು ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯಂಥದ್ದನ್ನು. ದನದ ಔಷಧಿಯನ್ನು ತಮ್ಮ ಕೈಕಾಲಿಗೇ ಹಚ್ಚಿಕೊಂಡು ಸೊಪ್ಪಿಗೆ ಹೋಗುವವರು ನಿಮ್ಮ ಕಣ್ಣಿಗೆ ಬಿದ್ದರೆ ಹಾಗೆ ಮಾಡಬೇಡಿ ಅಂತ ಹೇಳಿ, ಆ ಎಣ್ಣೆ ಎಲ್ಲಿ ಸಿಗುತ್ತದೆ ಅಂತ ಆಶಾ ಕಾರ್ಯಕರ್ತೆಯರನ್ನು ಕೇಳಲು ಹೇಳಿ. ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಮೈ ತೊಳೆದು, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಆಮೇಲೆ ಜ್ವರ, ಸೊಂಟನೋವು, ವಿಪರೀತ ಸುಸ್ತು ಕಾಣಿಸಿಕೊಂಡರೆ ಕಾಡಿಗೆ ಹೋಗಿದ್ದನ್ನೂ, ಮನೆಯ ದನ ಕಾಡಿಗೆ ಹೋಗುವುದನ್ನೂ ಡಾಕ್ಟರಿಗೆ ನೀವಾಗಿಯೇ ಹೇಳಿ.